ನೂರರ ಕಾರ್ಡು, ಹತ್ತರ ಹಬ್

ಸಿಂಧನೂರಿನ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಅಮರಮ್ಮ ಶೇಂಗಾ ಸುಲಿಯುತ್ತಿದ್ದಳು. ಇಬ್ಬರು ಬಂದು ಪಕ್ಕದಲ್ಲಿ ನಿಂತರು. ಕಿರಿಯನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

“ಪ್ರೆಸ್ಸಿನ ಎರಡೂ ಕಂಪ್ಯೂಟರಿಗೆ ಸೆಕೆಂಡಿಗೆ ನೂರು ಮೆಗಾಬಿಟ್ ಕಳಿಸೋ ನೆಟ್‌ವರ್ಕ್ ಕಾರ್ಡು ಹಾಕೀನಿ, ಗದ್ದೆಪ್ಪಣ್ಣ. ತೊಂಬತ್ತೊಂಬತ್ತರ ಕ್ಯಾಲೆಂಡರ್ ಫೈಲು ನೂರು ಮೆಗಾಬೈಟ್ ಐತಿ. ಒಂದ ಸೆಕೆಂಡಿನ್ಯಾಗ ಆ ಕಡೆ ಹೋಗ್ತೈತಿ ಅಂತ ಸಾವ್ಕಾರ್ರಿಗೆ ಹೇಳೀನಿ.”

“ಬಿಟ್ ಬ್ಯಾರೆ, ಬೈಟ್ ಬ್ಯಾರೆಲೇ ಮರಿಸ್ವಾಮಿ. ಎಂಟು ಬಿಟ್ ಕೂಡಿದ್ರ ಒಂದು ಬೈಟ್. ಎಂಟು ಸೆಕೆಂಡರ ಬೇಕು.”

“ಎಂಟಾದ್ರ ಹೆಂಗರ ಸಂಭಾಳಿಸ್ತೀನಿ.”

“ನಡುವ ಎರಡೂ ವೈರು ಕೂಡೋ ಹಬ್ ಡಬ್ಬಿ ಯಾವುದೈತಿ?”

“ಹಳೇದ. ಹತ್ತು ಮೆಗಾಬಿಟ್ಟಿಂದು.”

ಗದ್ದೆಪ್ಪ ನಕ್ಕ. “ಕಾಲುವಿ ಅಗಲ ಮಾಡಿ ತೂಬು ಸಣ್ಣದ ಬಿಟ್ಟೀಯಲ್ಲೋ. ನೀರು ತೂಬಿನಷ್ಟ ಬರತೈತಿ. ಎಂಬತ್ತು ಸೆಕೆಂಡು ಹಿಡಿತೈತಿ, ಜಾಸ್ತಿನೂ ಆದೀತು.”

“ನಾಲ್ಕಕ್ಕ ಸಾವ್ಕಾರ್ರು ಗಡಿಯಾರ ಹಿಡಕೊಂಡು ಕುಂದ್ರತಾರಣ್ಣ. ಸುಳ್ಳಾದ್ರ ನಾಳಿಂದ ಕೆಲಸಕ್ಕ ಬರಬ್ಯಾಡ ಅಂದಾರ.”

“ಬಾಯಿ ಮಾತ್ರ ಸಾವಿರದ್ದು ಇಟ್ಟಿ ನೀ.”

ಮರಿಸ್ವಾಮಿ ಗೋಡೆಯ ಗಡಿಯಾರ ನೋಡಿದ. ಮೂರೂವರೆ ಆಗಿತ್ತು.

ಎಂಬತ್ತು ಸೆಕೆಂಡು ಎಂದರೆ ಎಷ್ಟು ಹೊತ್ತೆಂದು ಅಮರಮ್ಮ ಮನಸ್ಸಿನಲ್ಲೇ ಎಣಿಸತೊಡಗಿದಳು. ನಲವತ್ತಕ್ಕೆ ಬರುವಷ್ಟರಲ್ಲಿ ಮಸ್ಕಿಯ ಬಸ್ಸು ಬಂತು. ಗದ್ದೆಪ್ಪ ಜನರ ನಡುವೆ ನುಗ್ಗಿ ಹತ್ತಿ ಕಿಟಕಿಯ ಪಕ್ಕ ಕೂತ. ಬಸ್ಸು ಹೊರಡುವಾಗ ಅವನು ಕಂಡಕ್ಟರನ ಕಡೆ ತಿರುಗಿದ್ದ. ಮರಿಸ್ವಾಮಿ ಕಿಟಕಿಯ ಸರಳು ಹಿಡಿದು ಜೊತೆಗೇ ನಡೆದ.

“ಅಣ್ಣ, ನೀನ ಬಂದು ಸಾವ್ಕಾರ್ರಿಗೆ ಒಂದು ಮಾತು ತಿಳಿಸಿ ಹೇಳು.”