ಕುಂಚ ತೊಳೆದ ನೀರಿನ ಬಣ್ಣದ ಹಕ್ಕಿ

ಸಭೆಗೆ ಶರಣು. ಮುಂದಿನ ಸಾಲಿನಲ್ಲಿ ಕುಳಿತಿರುವ, ನಮ್ಮನ್ನಗಲಿದ ಮೇಷ್ಟ್ರ ಪತ್ನಿ ತಾಯಿ ಸರ್ವಮಂಗಳಮ್ಮನವರಿಗೆ, ಅವರ ಮಕ್ಕಳಿಗೆ, ಹೆಡ್‌ಮಾಸ್ತರರಿಗೆ, ನನ್ನ ಸಹೋದ್ಯೋಗಿಗಳಿಗೆ, ಅರ್ಧ ದಿನ ರಜೆ ಸಿಕ್ಕಿತೆಂದು ಒಳಗೊಳಗೇ ಖುಷಿಪಟ್ಟು ಹೊರಗೆ ಮುಖ ಬಾಡಿಸಿಕೊಂಡು ಕೂತಿರುವ ವಿದ್ಯಾರ್ಥಿಗಳಿಗೆ — ಎಲ್ಲರಿಗೂ ಶರಣು.

ನಾನು ಈ ಮೆಟ್ಟಿಲು ಹತ್ತುವಾಗ ನಮ್ಮ ಡ್ರಿಲ್ ಮೇಷ್ಟ್ರು ನಾಗೇಂದ್ರಪ್ಪ ಕಿವಿಯಲ್ಲಿ ಹೇಳಿದರು: "ಪಂಡಿತ್ರೇ, ಪತ್ರಿಕೆಯಾಗೆ ತಮಾಷೆ ಬರೆದಂಗೆ ಇಲ್ಲಿ ಮಾತಾಡಬ್ಯಾಡ್ರಿ. ಇದು ಶ್ರದ್ಧಾಂಜಲಿ." ಆಗಲಿ ಎಂದೆ. ಆದರೆ ಅದು ಸರ್ವಮಂಗಳಮ್ಮನವರ ಕಿವಿಗೂ ಬಿತ್ತು. ಅವರು ಏನಂದರು ಗೊತ್ತೇ? "ಗಂಭೀರ ಭಾಷಣ ಅಂದ್ರೆ ನಮ್ಮ ಮನೆಯೋರು ಕೂತಲ್ಲೇ ತೂಕಡಿಸೋರು ರೀ. ನೀವು ದಿನಾ ಹೆಂಗೆ ಮಾತಾಡ್ತಿದ್ರೋ ಹಂಗೇ ಮಾತಾಡ್ರಿ. ಅವರು ಎದ್ದು ಕೂತು ಕೇಳ್ಲಿ."

ಹೀಗಾಗಿ ನಾಗೇಂದ್ರಪ್ಪನವರೇ, ನನಗೆ ಮೇಲಿನಿಂದ ಅಪ್ಪಣೆ ಸಿಕ್ಕಿದೆ.

ಲಿಂಗೈಕ್ಯ ಮುರುಗೇಶಪ್ಪನವರು ನಮ್ಮ ಚನ್ನಗಿರಿ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಇದು ಸರ್ಕಾರದ ಅಭಿಪ್ರಾಯ. ಅವರ ಸ್ವಂತ ಅಭಿಪ್ರಾಯದಲ್ಲಿ ಅವರು ಲವ್ ಬರ್ಡ್ಸ್‌ಗಳಿಗೆ ಜೋಡಿ ನೋಡುವವರು. ಬಿಡುವಿದ್ದಾಗ ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದರು. ಈ ಹಕ್ಕಿಗೆ ಪುಸ್ತಕದಲ್ಲಿ ಬಜರಿಗರ್ ಎಂದು ಹೆಸರಿದೆಯಂತೆ. ನಮ್ಮೂರಿನವರು ಅಷ್ಟು ಕಷ್ಟ ತೆಗೆದುಕೊಳ್ಳುವುದಿಲ್ಲ. ಗಿಣಿಯ ತಮ್ಮನ ಹಾಗೆ ಪುಟ್ಟದು, ನವಣೆ ತಿನ್ನುತ್ತದೆ, ಮಣ್ಣಿನ ಕುಡಿಕೆಯೊಳಗೆ ಮೊಟ್ಟೆ ಇಡುತ್ತದೆ, ಮಾತು ನಿಲ್ಲಿಸುವುದೇ ಇಲ್ಲ. ನಮ್ಮ ಸ್ಟಾಫ್ ರೂಮಿನ ಹಾಗೆ ಎಂದುಕೊಳ್ಳಿ.

ಇದೆಲ್ಲ ಶುರುವಾದದ್ದು ಎಪ್ಪತ್ತೆರಡರಲ್ಲಿ, ನ್ಯಾಮತಿಯಲ್ಲಿ. ಮೇಷ್ಟ್ರಿಗೆ ಆಗ ಮೊದಲ ಕೆಲಸ, ಹೊಸ ಮದುವೆ, ಮನೆಯಲ್ಲಿ ಒಂದು ಜೊತೆ ಹಸಿರು ಹಕ್ಕಿ. ಯಾವುದೋ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ಗೋಡೆಯ ಮೇಲಿತ್ತು. ಅದರಲ್ಲಿ ಒಂದು ಕೊಂಬೆ, ಕೊಂಬೆಯ ಮೇಲೆ ಸಾಲಾಗಿ ಕೂತ ಹಕ್ಕಿಗಳು — ಎಲ್ಲವೂ ಒಂದೇ ಕಡು ನೀಲಿ. ಸರ್ವಮಂಗಳಮ್ಮನವರು ರೊಟ್ಟಿ ಬಡಿಯುತ್ತಾ ಅದನ್ನು ನೋಡಿ, "ನಿಮ್ಮವು ಬರೀ ಹಸಿರು. ಇಂಥಾ ನೀಲಿ ಸಾಲು ನಿಮ್ಮ ಕೈಲಿ ಆಗೋದಲ್ಲ ಬಿಡ್ರಿ" ಅಂದರು. ಅಷ್ಟೇ. ಆ ರೊಟ್ಟಿ ಬೇಯುವಷ್ಟರಲ್ಲಿ ಅಮ್ಮನವರು ಆ ಮಾತು ಮರೆತಿದ್ದರು. ಮೇಷ್ಟ್ರು ಮರೆಯಲಿಲ್ಲ. ಮುಂದೆ ವರ್ಷಗಟ್ಟಲೆ ನಡೆದ ಉದ್ಯೋಗವೆಲ್ಲ ಆ ಒಂದು ರೊಟ್ಟಿಯ ಫಲ.

ಇಲ್ಲಿ ಅವರು ಒಂದು ತಪ್ಪು ಮಾಡಿದರು. ಡ್ರಾಯಿಂಗ್ ಮೇಷ್ಟ್ರೊಬ್ಬರೇ ಮಾಡಬಹುದಾದ ತಪ್ಪು. ಹಕ್ಕಿಗಳನ್ನು ಅವರು ಬಣ್ಣದ ಪೆಟ್ಟಿಗೆ ಎಂದುಕೊಂಡರು! ಹೊನ್ನಾಳಿಗೆ ವರ್ಗವಾದ ಮೇಲೆ ಒಂದು ಹಳದಿಗೂ ಒಂದು ನೀಲಿಗೂ ಜೋಡಿ ಮಾಡಿದರು. ಹುಟ್ಟಿದ ಮರಿಗಳು — ಅವರ ದುರದೃಷ್ಟ ನೋಡಿ — ಅಚ್ಚ ಹಸಿರು. ಹಳದಿಗೆ ನೀಲಿ ಬೆರೆಸಿದರೆ ಹಸಿರು! ಬ್ರಹ್ಮನೂ ತಮ್ಮ ಹಾಗೇ ಕುಂಚ ಹಿಡಿದವನು ಎಂದು ಮೇಷ್ಟ್ರಿಗೆ ಖಾತ್ರಿಯಾಯಿತು. ಹಾಗಾದರೆ ಕಡು ನೀಲಿಗೆ ಕಡು ನೀಲಿ ಬೆರೆಸಿದರೆ ಬರುವುದೇನು? ನೀವೂ ಕಡು ನೀಲಿ ಎನ್ನುತ್ತೀರಿ. ಅವರೂ ಹಾಗೇ ಅಂದುಕೊಂಡು, ಎಲ್ಲಿಂದಲೋ ಒಂದು ಕಡು ನೀಲಿ ಜೋಡಿ ಹುಡುಕಿ ತಂದರು. ಅಷ್ಟರಲ್ಲಿ ಜಗಳೂರಿಗೆ ವರ್ಗ. ಅಲ್ಲಿ ಮರಿಗಳಿಗೆ ಪುಕ್ಕ ಬಂತು. ಒಂದೇ ಕುಡಿಕೆಯಲ್ಲಿ ಮೂರು ಬಣ್ಣ. ಕೆಲವು ಅಪ್ಪ ಅಮ್ಮನ ಹಾಗೆ ಕಡು ನೀಲಿ, ಕೆಲವು ತಿಳಿ ನೀಲಿ, ಕೆಲವು ಬೂದಿ. ಆ ಬೂದಿ ಬಣ್ಣಕ್ಕೆ ಮೇಷ್ಟ್ರು ಇಟ್ಟ ಹೆಸರು 'ಕುಂಚ ತೊಳೆದ ನೀರು'. ಕುಂಚ ತೊಳೆದ ನೀರನ್ನು ಯಾರು ಇಟ್ಟುಕೊಳ್ಳುತ್ತಾರೆ? ಬೂದಿ ಮರಿಗಳನ್ನು ಜಗಳೂರಿನಲ್ಲಿ ಕೇಳಿದವರಿಗೆ, ಕೇಳದವರಿಗೆ ಹಂಚಿಬಿಟ್ಟರು.

ಈಗ ಸರ್ವಮಂಗಳಮ್ಮನವರ ಕಾನೂನು ಹೇಳಬೇಕು. ಬೇರೆ ಊರುಗಳಲ್ಲಿ ಹಕ್ಕಿ ಸಾಕುವವರು ಈ ಸಲ ಈ ಗಂಡು, ಮುಂದಿನ ಸಲ ಆ ಗಂಡು ಎಂದು ಬದಲಾಯಿಸುತ್ತಾರಂತೆ. ಈ ಮನೆಯಲ್ಲಿ ಅದು ನಡೆಯುತ್ತಿರಲಿಲ್ಲ. ಹೊಸ ಜೋಡಿಯನ್ನು ಗೂಡಿಗೆ ಬಿಟ್ಟ ದಿನ ಅಮ್ಮನವರು ಗೂಡಿಗೆ ಒಂದು ಅರಿಶಿನದ ದಾರ ಕಟ್ಟುತ್ತಿದ್ದರು. ಕಟ್ಟಿದ ಮೇಲೆ ಮುಗಿಯಿತು. "ಕೂಡಿಸಿದ ಮ್ಯಾಲೆ ಅಗಲಿಸಂಗಿಲ್ಲ. ಬಣ್ಣ ಸರಿ ಇಲ್ಲ ಅಂತ ಸಂಸಾರ ಬಿಡಿಸ್ತೀರಾ? ಹಂಗಾದ್ರೆ ನಿಮ್ಮ ಬಣ್ಣಕ್ಕೆ ನಾನು ಎಂದೋ ತವರಿಗೆ ಹೋಗಬೇಕಿತ್ತು!"

ಆದ್ದರಿಂದ ಮೇಷ್ಟ್ರು ಒಂದು ಜೋಡಿ ಮಾಡುವ ಮೊದಲು ತಿಂಗಳುಗಟ್ಟಲೆ ಯೋಚಿಸುತ್ತಿದ್ದರು. ನೀವು ನೋಡಿದ್ದೀರಲ್ಲ — ಗೂಡಿನ ಮುಂದೆ ಹೀಗೆ, ಕೈ ಹಿಂದೆ ಕಟ್ಟಿ, ಕತ್ತು ಸ್ವಲ್ಪ ವಾಲಿಸಿ. ಮೂಗಿನ ಮೇಲೆ ನೀಲಿ ಇದ್ದರೆ ಗಂಡು, ಕಂದು ಇದ್ದರೆ ಹೆಣ್ಣು. ರೆಕ್ಕೆಯ ಒಳಗಡೆ ಏನು ಬಣ್ಣ? ಅಪ್ಪ ಯಾವುದು? ಅಜ್ಜಿ ಯಾವುದು? ನಮ್ಮ ಕಡೆ ಮನುಷ್ಯರ ಸಂಬಂಧಕ್ಕೂ ಅಷ್ಟು ವಿಚಾರಿಸುವುದಿಲ್ಲ.

ಜಗಳೂರಿನಲ್ಲಿ ಒಂದು ದಿನ, ಹಂಚದೆ ಉಳಿದಿದ್ದ ಒಂದು ಬೂದಿ ಗಂಡು ತಾನಾಗಿಯೇ ಒಂದು ತಿಳಿ ನೀಲಿ ಹೆಣ್ಣಿನ ಪಕ್ಕ ಹೋಗಿ ಕೂತಿತು. ಮೇಷ್ಟ್ರು ಗೂಡಿಗೆ ಕೈ ಹಾಕುವ ಮೊದಲೇ ದಾರ ಬಿತ್ತು. ಮೇಷ್ಟ್ರು ಮುನಿಸಿಕೊಂಡರು. ಅಮ್ಮನವರು ಸಾಸ್ವೆಹಳ್ಳಿಗೆ, ತವರಿಗೆ ಹೋದರು — ಮುನಿಸಿಗೆ ಹೆದರಿ ಅಲ್ಲ, ತಂಗಿಯ ಬಾಣಂತನಕ್ಕೆ. ಅವರು ಅತ್ತ ಹೋಗಿದ್ದಾಗ ಇತ್ತ ಮರಿಗಳಿಗೆ ಪುಕ್ಕ ಬಂತು. ಒಂದಾದ ಮೇಲೆ ಒಂದು, ಕುಡಿಕೆಯಿಂದ ತಲೆ ಹೊರಗೆ ಹಾಕಿದ್ದೆಲ್ಲ — ಕಡು ನೀಲಿ! ಒಂದೂ ತಪ್ಪಿಲ್ಲ. ಕಡು ನೀಲಿಗೆ ಕಡು ನೀಲಿ ಸೇರಿಸಿದರೆ ಸಿಗದ ಸಾಲು, ತಿಳಿ ನೀಲಿಗೆ ಕುಂಚ ತೊಳೆದ ನೀರು ಸೇರಿಸಿದರೆ ಸಿಕ್ಕಿತ್ತು. ಬ್ರಹ್ಮ ಡ್ರಾಯಿಂಗ್ ಮೇಷ್ಟ್ರಲ್ಲ ಎಂದು ಅವತ್ತು ತಿಳಿಯಿತಂತೆ.

ಅಷ್ಟರಲ್ಲೇ ಚನ್ನಗಿರಿಗೆ ವರ್ಗ. ಹೆಂಡತಿಗೆ ತೋರಿಸಬೇಕೆಂಬ ಆತುರದಲ್ಲಿ ಮೇಷ್ಟ್ರು ಸಾಮಾನಿನ ಜೊತೆ ಗೂಡುಗಳನ್ನೂ ಲಾರಿಗೆ ಹೇರಿದರು. ತ್ಯಾವಣಿಗೆಯಲ್ಲಿ ಚಹಾಕ್ಕೆ ಲಾರಿ ನಿಂತಿತು. ಹಕ್ಕಿಗೆ ನೀರು ಇಡೋಣವೆಂದು ಮೇಷ್ಟ್ರು ಬಾಗಿಲು ತೆಗೆದರು. ಚಹಾ ಬಂತು, ಕೈ ಚಾಚಿದರು — ಬಾಗಿಲು ಹಾಕಲಿಲ್ಲ. ಬೂದಿ ಅಪ್ಪ, ನೀಲಿ ಮಕ್ಕಳು, ಇಡೀ ಸಂಸಾರ ಗದ್ದೆಯ ಮೇಲೆ ಹಾರಿಹೋಯಿತು. ಮೇಷ್ಟ್ರು ಗ್ಲಾಸು ಹಿಡಿದುಕೊಂಡೇ ಕಾಲುವೆ ಏರಿಯ ಮೇಲೆ ಓಡಿದರಂತೆ.

ಸರ್ವಮಂಗಳಮ್ಮನವರು ನಂಬಲಿಲ್ಲ. "ಹಾರಿಹೋದ ಹಕ್ಕಿ ಎಲ್ಲಾ ನೀಲಿನೇ ಇರ್ತಾವೆ ಬಿಡ್ರಿ" ಅಂದರು.

ಮೇಷ್ಟ್ರು ನಮ್ಮ ಶಾಲೆಗೆ ಬಂದದ್ದು ಆ ಸೋತ ಮುಖ ಹೊತ್ತುಕೊಂಡು. ಅವರ ಬಳಿ ತಿಳಿ ನೀಲಿ ಗಂಡುಗಳಿದ್ದವು. ಬೂದಿ ಒಂದೂ ಇರಲಿಲ್ಲ. ಕಡು ನೀಲಿಯ ಹಳೇ ಜೋಡಿ, ಅದರ ಕಡು ನೀಲಿ ಮರಿಗಳು ಜಗಳೂರಿನ ಬಿಸಿಲಿಗೆ ಆಗಲೇ ಸತ್ತುಹೋಗಿದ್ದವು. ಹಂಚಿದ ಬೂದಿ ಹಕ್ಕಿಗಳ ವಿಚಾರಣೆ ನಡೆಯಿತು. ಬೆಕ್ಕು ತಿಂದದ್ದು, ಬಿಸಿಲಿಗೆ ಹೋದದ್ದು ಕಳೆದು ಉಳಿದದ್ದು ಒಂದೇ ಒಂದು ಹೆಣ್ಣು, ಜಗಳೂರಿನ ಒಬ್ಬ ಹೊಲಿಗೆ ಟೀಚರ್ ಮನೆಯಲ್ಲಿ. ಅದಕ್ಕೂ ವಯಸ್ಸಾಗುತ್ತಿತ್ತು. ಆ ಮಳೆಗಾಲ ದಾಟಿದರೆ ಇನ್ನು ಮೊಟ್ಟೆ ಇಡುವ ಭರವಸೆ ಇಲ್ಲ. ಅಂದರೆ, ಆ ಹಕ್ಕಿ ಬಂದರೆ ನೀಲಿ ಸಾಲು, ಬರದಿದ್ದರೆ ಇಲ್ಲ.

ಮೇಷ್ಟ್ರು ಮೊದಲು ಒಬ್ಬರೇ ಹೋಗಿ ಹಕ್ಕಿ ನೋಡಿಕೊಂಡು ಬಂದರು. ಆಮೇಲೆ ನನ್ನ ಹತ್ತಿರ ಬಂದರು. "ಪಂಡಿತ್ರೇ, ಜಗಳೂರಿಗೆ ಹೋಗಿ ಒಂದು ಹಕ್ಕಿ ತರಬೇಕು. ಗೂಡು ಹಿಡ್ಕಳಾಕೆ ಜೊತೆಗೆ ಬರ್ರಿ."

ಆಗಿನ ನನ್ನ ಸ್ಥಿತಿ ಸಭೆಗೆ ಅರಿಕೆ ಮಾಡಬೇಕು. ಹೊನ್ನಾಳಿ, ನ್ಯಾಮತಿ, ಸಾಸ್ವೆಹಳ್ಳಿ — ಹೋದಲ್ಲೆಲ್ಲ ಉಪ್ಪಿಟ್ಟು ತಿಂದು, ಇಲ್ಲ ಎನ್ನಿಸಿಕೊಂಡು ಬಂದ ವರ ನಾನು. ಕೊನೆಗೆ ಒಂದು ಹೆಣ್ಣಿನ ಸೋದರತ್ತೆ ಬಾಯಿಬಿಟ್ಟೇ ಹೇಳಿದ್ದರು: "ಹುಡುಗ ಒಳ್ಳೇನೆ. ಆದ್ರೆ ಕಣ್ಣಿಗೆ ನಿಲ್ಲಂಗಿಲ್ಲ." ಇನ್ನು ಯಾರ ಮನೆಗೂ ಹೆಣ್ಣು ನೋಡಲು ಹೋಗುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದ್ದೆ. ಗೂಡು ಹಿಡಿಯಲು ಮಾತ್ರ ಯಾವ ಅಭ್ಯಂತರವೂ ಇರಲಿಲ್ಲ.

ಹೋದೆವು. ಹೊಲಿಗೆ ಟೀಚರ ತಾಯಿ ಕಸ್ತೂರಮ್ಮನವರು ಮಂಡಕ್ಕಿ, ಮೆಣಸಿನಕಾಯಿ ಕೊಟ್ಟರು. ನಾನು ತೊಡೆಯ ಮೇಲೆ ಖಾಲಿ ಗೂಡು ಇಟ್ಟುಕೊಂಡು ನಿಶ್ಚಿಂತೆಯಿಂದ ತಿಂದೆ. ವರನಾಗಿ ಹೋದಾಗ ಎಂದೂ ಅಷ್ಟು ತಿಂದಿರಲಿಲ್ಲ. ಮೇಷ್ಟ್ರು ಹಕ್ಕಿಯ ರೆಕ್ಕೆ ಬಿಡಿಸಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಆ ಟೀಚರ್ ನನ್ನನ್ನು ಕೇಳಿದರು:

"ನಿಮಗೂ ಹಕ್ಕಿ ಅಂದ್ರೆ ಇಷ್ಟನಾ ರೀ?"

"ಇಲ್ಲ. ವಾಸನೆ" ಅಂದೆ.

ಅವರು ನಕ್ಕರು. ಧೈರ್ಯ ಬಂದು ನಾನೂ ಕೇಳಿದೆ: "ಅಷ್ಟೊಂದು ಬಣ್ಣದ ಹಕ್ಕಿ ಇದ್ದಾಗ ಈ ಬೂದಿಯನ್ನು ಯಾಕೆ ಇಟ್ಟುಕೊಂಡಿರಿ?"

"ಬೂದಿ ಬಟ್ಟೆ ಮ್ಯಾಲೆ ಯಾವ ಬಣ್ಣದ ದಾರ ಹಾಕಿದ್ರೂ ಎದ್ದು ಕಾಣ್ತೈತೆ. ಹೊಲಿಯೋರಿಗೆ ಗೊತ್ತು" ಅಂದರು.

ಖಾಲಿ ಗೂಡಿನೊಂದಿಗೇ ವಾಪಸಾದೆವು. ಬಸ್ಸಿನಲ್ಲಿ ಮೇಷ್ಟ್ರು ಸಾವಿನ ಸುದ್ದಿ ಹೇಳುವ ಹಾಗೆ ಹೇಳಿದರು: "ಆ ಹುಡುಗಿ ಹಕ್ಕಿ ಬಿಟ್ಟು ಇರಂಗಿಲ್ಲಂತೆ ಪಂಡಿತ್ರೇ. ಹಕ್ಕಿ ಬೇಕಂದ್ರೆ ಹುಡುಗಿನೂ ಬರಬೇಕು. ನನಗಂತೂ ಮದುವೆ ಆಗೈತೆ. ಇನ್ನು ನೀವೇ ಏನಾರ ಮಾಡಬೇಕು."

ಮಾಡಿದೆ. ಕಲೆಗಾಗಿ ಆತ್ಮಾರ್ಪಣೆ. ಆ ಹೊಲಿಗೆ ಟೀಚರ್, ಅಂದರೆ ನಮ್ಮ ಪ್ರೇಮಮ್ಮ, ಮದುವೆಯಾಗಿ ಹಕ್ಕಿಯೊಂದಿಗೆ ನಮ್ಮ ಮನೆಗೆ ಬಂದಳು. ಮಾರನೇ ದಿನವೇ ಹಕ್ಕಿ ಮೇಷ್ಟ್ರ ಮನೆಗೆ ಹೋಯಿತು, ಅರಿಶಿನದ ದಾರ ಬಿತ್ತು. ಆ ಮಳೆಗಾಲ ಮುಗಿಯುವುದರೊಳಗೆ ಮೇಷ್ಟ್ರ ಮನೆಯ ಕೋಲಿನ ಮೇಲೆ ಮರಿಗಳು ಕೂತವು — ಸಾಲಾಗಿ, ಒಂದೇ ಕಡು ನೀಲಿ. ಸರ್ವಮಂಗಳಮ್ಮನವರು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಬಹಳ ಹೊತ್ತು ನೋಡಿದರು. "ಕ್ಯಾಲೆಂಡರಿಂದು ಇದಕ್ಕಿಂತ ಸ್ವಲ್ಪ ಮಬ್ಬಿತ್ತು ಬಿಡ್ರಿ" ಅಂದರು. ಮೇಷ್ಟ್ರು ಆಮೇಲೆ ಯಾವ ಪ್ರಶಸ್ತಿಯನ್ನೂ ಬಯಸಲಿಲ್ಲ.

ಮುರುಗೇಶಪ್ಪ ಒಂದು ಹಕ್ಕಿಗಾಗಿ ಸಹೋದ್ಯೋಗಿಯನ್ನು ಬಲಿ ಕೊಟ್ಟರು — ಇದನ್ನು ನಾನು ಪತ್ರಿಕೆಯಲ್ಲಿ ಎಷ್ಟು ಸಲ ಬರೆದಿದ್ದೇನೆ! ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿದ್ದೇನೆ! ಮೇಷ್ಟ್ರೂ ನಗುತ್ತಿದ್ದರು, "ಹೌದ್ರೀ, ಹಕ್ಕಿ ಲಾಭ, ಪಂಡಿತ್ರು ಖರ್ಚು" ಎನ್ನುತ್ತಿದ್ದರು. ಇವತ್ತಿನ ಭಾಷಣವೂ ಅಲ್ಲಿಗೇ ಮುಗಿಯಬೇಕಿತ್ತು.

ಆದರೆ — ನಿನ್ನೆ ಸಂಜೆ ಇದನ್ನು ಮನೆಯಲ್ಲಿ ಓದಿ ತೋರಿಸಿದೆ. ಪ್ರೇಮಮ್ಮ ಹೊಲಿಗೆ ಯಂತ್ರ ನಿಲ್ಲಿಸಿದಳು.

"ಅದು ಸುಳ್ಳು ರೀ" ಅಂದಳು. "ನಾನು ಹಕ್ಕಿ ಕೊಡಂಗಿಲ್ಲ ಅಂದಿರಲೇ ಇಲ್ಲ. ಮೇಷ್ಟ್ರು ಒಬ್ಬರೇ ಬಂದಿದ್ದ ದಿನಾನೇ, ತಗೊಂಡು ಹೋಗ್ರಿ ಅಂತ ಕೈಗೆ ಕೊಟ್ಟಿದ್ದೆ. ಅವರೇ ತಗಳಲಿಲ್ಲ."

ಹಕ್ಕಿ ಅವರ ಕೈಯಲ್ಲಿತ್ತು. ತಾಯಂದಿರೇ, ಮಹನೀಯರೇ — ಹೀಗೆ, ಅಂಗೈಯಲ್ಲಿ. ವರ್ಷಗಟ್ಟಲೆ ಹುಡುಕಿದ ಹಕ್ಕಿ. ಮಳೆಗಾಲ ದಾಟಿದರೆ ಉಪಯೋಗವಿಲ್ಲದ ಹಕ್ಕಿ. ಅದನ್ನು ವಾಪಸು ಗೂಡಿಗೆ ಬಿಟ್ಟು ಅವರು ಹೇಳಿದರಂತೆ: "ಈಗ ಬ್ಯಾಡ ತಾಯಿ. ನನ್ನ ಜೊತೆ ಒಬ್ಬರು ಪಂಡಿತ್ರು ಅದಾರೆ. ಹೆಣ್ಣು ನೋಡಾಕೆ ಅಂದ್ರೆ ಬರಂಗಿಲ್ಲ, ಬಾಳ ನೊಂದಾರೆ. ಹಕ್ಕಿ ನೆಪದಾಗೆ ಕರಕೊಂಡು ಬರ್ತೀನಿ. ನೀವು ನೋಡ್ರಿ. ಮನಸ್ಸಿಗೆ ಬಂದ್ರೆ ಹಕ್ಕಿ ಸಮೇತ ಬರ್ರಿ. ಬರಲಿಲ್ಲಂದ್ರೆ ಹಕ್ಕಿನೂ ಇಲ್ಲೇ ಇರ್ಲಿ. ಹಕ್ಕಿ ಸಿಗಲಿಲ್ಲ ಅಂತ ಅವರಿಗೆ ಹೇಳ್ತೀನಿ. ಇನ್ನೊಂದು ಸಲ ಬ್ಯಾಡ ಅನ್ನಿಸಿಕೊಂಡೆ ಅಂತ ಅವರಿಗೆ ಗೊತ್ತಾಗಬಾರದು."

ನಾನು ಕೇಳಿದೆ, ಇಷ್ಟು ವರ್ಷ ಯಾಕೆ ಹೇಳಲಿಲ್ಲ? "ಅವರೇ ಆಣೆ ಹಾಕಿಸಿದ್ರು. ಪಂಡಿತ್ರು ನಗಸೋರು, ಅವರಿಗೆ ಅದು ತಮಾಷೆಯಾಗೇ ಇರ್ಲಿ ಅಂದಿದ್ರು" ಅಂದಳು. ಆಮೇಲೆ ಯಂತ್ರ ಮತ್ತೆ ಓಡಿತು.

ಮೇಷ್ಟ್ರೇ, ಒಂದು ನೀಲಿ ಸಾಲನ್ನೇ ಪಣವಾಗಿಟ್ಟಿರಲ್ಲ — ಈ ಕುಂಚ ತೊಳೆದ ನೀರಿನ ಮೇಲೆ! ಬಣ್ಣ ನೋಡಿ ಜೋಡಿ ಮಾಡುವವರೆಂದು ಊರೆಲ್ಲ ನಿಮ್ಮನ್ನು ಹೊಗಳಿತು. ಕಣ್ಣಿಗೆ ನಿಲ್ಲದ ಬಣ್ಣವನ್ನೂ ನೀವು ರೆಕ್ಕೆ ಬಿಡಿಸಿ ಬೆಳಕಿಗೆ ಹಿಡಿದು ನೋಡುತ್ತಿದ್ದಿರಿ ಎಂದು ನನಗೆ ತಿಳಿದದ್ದು ನಿನ್ನೆ. ಥ್ಯಾಂಕ್ಸ್ ಹೇಳಲು ಒಂದು ವಾರ ತಡವಾಯಿತು. ಸಭೆಯ ಮುಂದೆ ಹೇಳುತ್ತಿದ್ದೇನೆ, ಸ್ವೀಕರಿಸಿ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಹೊಸ ಜೋಡಿಯನ್ನು ಗೂಡಿಗೆ ಬಿಟ್ಟ ದಿನ ಮೇಷ್ಟ್ರು ಹೇಗೆ ನಿಲ್ಲುತ್ತಿದ್ದರೋ ಹಾಗೆ — ಕೈ ಹಿಂದೆ ಕಟ್ಟಿ, ಮಾತಿಲ್ಲದೆ, ಹಕ್ಕಿ ಬೆದರದ ಹಾಗೆ ಉಸಿರನ್ನೂ ಮೆಲ್ಲಗೆ ಬಿಡುತ್ತಾ. ಸ್ವಲ್ಪ ಹೊತ್ತು ಹಾಗೇ ನಿಲ್ಲೋಣ.

ಪ್ರೇಮಾ, ಅಲ್ಲಿ ಹಿಂದೆ ಯಾಕೆ ನಿಂತಿದ್ದೀಯ? ಮೇಲೆ ಬಾ. ಇಲ್ಲಿ, ನನ್ನ ಪಕ್ಕಕ್ಕೆ.

ಜೋಡಿ ಮಾಡಿದವರು ನೋಡಲಿ.