ಹಸಿರು ಅಂದ್ರೆ ಹೌದು

ಒತ್ತು ಮಾವ, ಇನ್ನೊಂದ್ಸಲ ಒತ್ತು. ಹೆಬ್ಬೆಟ್ಟು ನೋಯೋವರೆಗೂ ಒತ್ತು. ಹತ್ತಿತಾ? ಹಸಿರೂ ಇಲ್ಲ, ಕೆಂಪೂ ಇಲ್ಲ. ಬೆಳಿಗ್ಗೇನೇ ಹೇಳ್ಲಿಲ್ವಾ ನಾನು, ಇದು ಮಧ್ಯಾಹ್ನದವರೆಗೂ ಬಾಳಲ್ಲ ಅಂತ...

ನನ್ನನ್ನ ಯಾಕೆ ನೋಡ್ತೀಯ? ದೀಪ ಗೋಡೆ ಮೇಲೈತೆ, ಅಲ್ಲಿ ನೋಡು. ಕರೆಂಟ್ ಹೋಗಿರ್ಬೇಕು. ಏನು? ಫ್ಯಾನ್ ತಿರುಗ್ತಾ ಐತಾ... ತಿರುಗ್ಲಿ ಬಿಡು, ಅದರ ಕರೆಂಟೇ ಬೇರೆ ಇರ್ಬೇಕು.

ಮೊಮ್ಮಗಳು ಮಾಡಿದ್ದು ಅಂತ ನಿಂಗೆ ಎಲ್ಲಿಲ್ಲದ ಹೆಮ್ಮೆ. ಚಿಕ್ಕಬಳ್ಳಾಪುರದಲ್ಲಿ ಡಿಪ್ಲೊಮಾ ಓದ್ತಾಳೆ ನಮ್ಮ ಚೈತ್ರ, ಎಲೆಕ್ಟ್ರಾನಿಕ್ಸು. ಇಷ್ಟು ವರ್ಷ ಬಸ್ಸಿನಲ್ಲಿ ನೇತಾಡ್ಕೊಂಡು ಹೋಗಿ ಕಲ್ತಿದ್ದೇನು? ಹುಡುಗ್ರು ಟೀವಿ ಮುಂದೆ ಕೂತು ಕಾರು ಓಡಿಸ್ತಾರಲ್ಲ, ಆ ಆಟದ ರಿಮೋಟು ತಂದು ತಾತನ ಕೈಗೆ ಕೊಡೋದು. ವೈರೇ ಇಲ್ಲವಂತೆ. ಗೋಡೆ ಮೇಲಿನ ಹಲಗೇಲಿ ಜರಿಹುಳದಂಗೆ ಕಾಲಿರೋ ಕರೀದೊಂದು ಐತಲ್ಲ, ಅದಂತೆ ಮೆದುಳು. ಮೈಕ್ರೋ... ಮೈಕ್ರೋ ಕಂಟ್ರೋಲು... ನಾನು ಬಾಯಿ ಬಿಟ್ರೆ ಸಾಕು, ನಗ್ತಾಳೆ ಅವಳು. ತಾತ ಇಲ್ಲಿ ಒತ್ತಿದ್ರೆ ಅದಕ್ಕೆ ತಿಳಿದು ಅಲ್ಲಿ ಎಲ್‌ಇಡಿ ಹತ್ತಿಸ್ತದಂತೆ. ಹಸಿರು ಅಂದ್ರೆ ಹೌದು, ಕೆಂಪು ಅಂದ್ರೆ ಬೇಡ. 'ಅಜ್ಜಿ, ನೀನು ಹಿತ್ತಲಲ್ಲಿದ್ರೂ ಕಾಣ್ಸುತ್ತೆ' ಅಂತಾಳೆ. ಏನು ಭಾಗ್ಯ ನಂದು. ಪಾತ್ರೆ ಉಜ್ಜೋದು ಬಿಟ್ಟು ದೀಪ ನೋಡ್ಕೊಂಡು ನಿಲ್ಬೇಕು.

ಹೌದು, ಬೇಡ ಅನ್ನೋಕೂ ಮಿಷನ್ ಬೇಕಾ ಮಾವ? ಕಟ್ಕೊಂಡ ಹೆಂಡ್ತಿ ನಾನಿಲ್ವಾ? ಲಕ್ವ ಹೊಡೆದು ನಾಲಿಗೆ ಬಿದ್ದೋದಾಗಿಂದ ನಿನ್ನ ಮಾತೆಲ್ಲ ಆಡಿದ್ದು ಯಾರು? ನಿನ್ನ ತಲೆ ಸದಾ ಅಲ್ಲಾಡ್ತಾ ಇರ್ತದೆ, ಹೌದು ಅಂತೀಯೋ ಅಲ್ಲ ಅಂತೀಯೋ ಆ ದೇವ್ರಿಗೂ ತಿಳಿಯಲ್ಲ. ಆಡೋದು ಎಡಗೈ ಒಂದು. ಅದನ್ನ ಬೀಸಿದ್ರೆ, ಬಾ ಅಂತಾವ್ರೋ ಹೋಗು ಅಂತಾವ್ರೋ ಅಂತ ಬಂದೋರೆಲ್ಲ ನನ್ನ ಮುಖ ನೋಡ್ತಾರೆ. ನಾನು ಹೇಳ್ತೀನಿ, ಅವ್ರು ಕೇಳ್ಕೊಂಡು ಹೋಗ್ತಾರೆ. ವೆಂಕಟರತ್ನಮ್ಮ ಹೇಳಿದ್ರೆ ಮುನಿಗಂಗಪ್ಪ ಹೇಳಿದಂಗೆ ಅಂತ ಊರಿಗೇ ಗೊತ್ತು. ನೀನು ಯಾವತ್ತಾದ್ರೂ ಅಲ್ಲ ಅಂದಿದೀಯಾ?

ಆ ಮುಖ ಯಾಕೆ? ಓ... ಅಂಬಲಿ ವಿಷಯ.

ಮರೀತೀನಾ ಅದನ್ನ. ಬೆಳಿಗ್ಗೆ ಬಿಸಿ ಬಿಸಿ ಅಂಬಲಿ ತಂದಿಟ್ಟೆ. 'ತಾತ, ಅಂಬಲಿ ಬೇಕಾ' ಅಂತ ಅವಳು ಕೇಳಿದ್ಲು. ನೀನು ಕೆಂಪು ಒತ್ತಿದೆ. ಬೆರಳು ಜಾರಿರ್ಬೇಕು ಕಣೇ ಅಂದೆ ನಾನು. ಮತ್ತೆ ಕೆಂಪು. ಮತ್ತೂ ಕೆಂಪು, ಪೊಲೀಸ್ ಜೀಪಿನಂಗೆ ಹತ್ತಿಸಿದ್ದೂ ಹತ್ತಿಸಿದ್ದೇ. ಎರಡು ವರ್ಷ ದಿನಾ ಕುಡಿದೆಯಲ್ಲಯ್ಯ. ನಮ್ಮನೆಯೋರಿಗೆ ಅಂಬಲಿ ಅಂದ್ರೆ ಪ್ರಾಣ ಅಂತ ಕಂಡೋರಿಗೆಲ್ಲ ಹೇಳ್ಕೊಂಡು ತಿರುಗಿದೀನಿ. ನಗು, ನಗು. ಅರ್ಧ ಬಾಯಲ್ಲಿ ನಗೋನಿಗೆ ಎಷ್ಟು ಕೊಬ್ಬು ನೋಡು.

ಸರಿ, ಅಂಬಲಿ ಬೇಡ ಅಂದ್ರೆ ಉಪ್ಪಿಟ್ಟು ಕೆದಕಿ ಹಾಕ್ತೀನಿ, ಅದಕ್ಕೇನಂತೆ. ಆದ್ರೆ ನಿನ್ನ ಮೊಮ್ಮಗಳು ಅಷ್ಟಕ್ಕೇ ಬಿಡ್ಬೇಕಲ್ಲ. ಈಗ ನಿನ್ನ ಹಳೇ ಜೊತೆಗಾರ ಬಯ್ಯಪ್ಪನ್ನ ಕರ್ಕೊಂಡ್ ಬರೋಕೆ ಬಸ್ ಸ್ಟಾಪಿಗೆ ಹೋಗವ್ಳೆ. ಚಿಂತಾಮಣಿಯಲ್ಲಿ ಸಿಕ್ಕಿದ್ನಂತೆ ಅವಳಿಗೆ. ನಿಮ್ಮ ತಾತನ್ನ ಆಟೋದಲ್ಲಿ ಸಂತೆಗೆ ಕರ್ಕೊಂಡು ಹೋಗ್ತೀನಿ, ಹುಣಸೆ ಮರದ ಕೆಳಗೆ ನಮ್ಮೋರ ಜೊತೆ ಕೂರಿಸ್ಕೋತೀನಿ, ಪ್ರತಿ ಸಂತೆಗೂ ಬಂದು ಕರ್ಕೊಂಡು ಹೋಗ್ತೀನಿ ಅಂದ್ನಂತೆ. ಇವಳು, ತಾತನೇ ದೀಪ ಹತ್ತಿಸಿ ಹೇಳ್ಲಿ ಅಂದ್ಲಂತೆ. ಹೋಗೋವಾಗ ನನ್ನ ಕಡೆ ಬೆರಳು ತೋರ್ಸಿ, 'ಅಜ್ಜಿ, ನೀನು ಮಧ್ಯೆ ಬಾಯಿ ಹಾಕ್ಬಾರ್ದು' ಅಂತಾಳೆ. ನಾನು ಎತ್ತಿ ಆಡಿಸಿದ ಕೂಸು ಅದು.

ಕೇಳ್ಲಿ ಬಿಡು. ಅವನ ಮುಂದೆ ಒತ್ತಿ ಒತ್ತಿ ಕೂತ್ಕೋ. ನೋಡೋಕೆ ಇನ್ನೂ ಚೆನ್ನಾಗಿರ್ತದೆ.

ಬಯ್ಯಪ್ಪನಂತೆ, ಜೊತೆಗಾರನಂತೆ. ಇಬ್ರೂ ಒಂದೇ ಸೈಕಲ್ಲಿನಲ್ಲಿ ಸಂತೆ ಸಂತೆ ತಿರುಗಿ ದನದ ದಲ್ಲಾಳಿ ಮಾಡಿದ್ದೇ ಬಂತು. ನೀನು ಬಿದ್ದ ಮೇಲೆ ಈ ಕಡೆ ತಲೆ ಹಾಕಿದ್ನಾ? ಹಾಕ್ಲಿಲ್ಲ. ನಾನೇ ಹೇಳಿದ್ನಲ್ಲ ನಿಂಗೆ, ಕೆಲಸಕ್ಕೆ ಬಾರದೋನನ್ನ ದಲ್ಲಾಳಿ ಯಾಕೆ ನೋಡೋಕೆ ಬರ್ತಾನೆ, ಮರ್ತು ಬಿಡು ಅವನನ್ನ ಅಂತ. ಈಗ ಬರ್ತಾನೆ ನೋಡು ಹಲ್ಲು ಕಿರ್ಕೊಂಡು. 'ಅಕ್ಕಾ, ಬಾವ ಎಟ್ಲುಂಡಾಡು' ಅಂತ ತೆಲುಗಲ್ಲೇ ನೀನು ಹೆಂಗಿದೀಯ ಅಂತ ವಿಚಾರಿಸ್ತಾನೆ. ಬಾಳೆಹಣ್ಣು ತಂದು ನನ್ನ ಕೈಗೆ ತುರುಕ್ತಾನೆ. ಬಾವ ಮಲಗವ್ರೆ ಅಂದ್ರೆ, ಏಳ್ಲಿ ಅಕ್ಕ ಕಾಯ್ತೀನಿ ಅಂತ ಜಗಲಿ ಮೇಲೆ ಕೂತೇ ಬಿಡ್ತಾನೆ, ಎಬ್ಬಿಸಿದ್ರೂ ಏಳೋನಲ್ಲ. ಹೋದ ಸಲ ಬಿಸಿಲು ಇಳಿಯೋವರೆಗೂ ಕೂತಿದ್ದ ಪುಣ್ಯಾತ್ಮ...

ಏನು?

ನಾನೇನಂದೆ? ಹೋದ ಸಲ ಅಂದ್ನಾ... ಅಂದಿರ್ಬೇಕು. ಬಾಯಿಗೆ ಬಂತು, ಅಂದೆ.

ಹಂಗೆ ಉರಿಗಣ್ಣು ಬಿಡ್ಬೇಡ ಮಾವ. ಬಂದಿದ್ದ ಕಣಯ್ಯ. ಬರ್ತಾನೇ ಇದ್ದ. ನೀನು ತಿಂದ ಬಾಳೆಹಣ್ಣೆಲ್ಲ ಅವನು ತಂದಿದ್ದೇ. ಬಾವನಿಗೆ ಯಾರ ಮುಖಾನೂ ನೋಡೋಕೆ ಇಷ್ಟ ಇಲ್ಲ ಅಂತ ನಾನೇ ಹೇಳಿ ಕಳಿಸ್ತಿದ್ದೆ. ಏನು ತಪ್ಪಾಯ್ತು? ಅವನು ಕರ್ಕೊಂಡು ಹೋಗೋದು ಎಲ್ಲಿಗೆ? ದನದ ಸಗಣಿ ಮಧ್ಯೆ ಕೂರ್ಸೋಕೆ. ಬೀಡಿ ಹೊಗೆ ಕುಡಿಸೋಕೆ. ಸಂತೆಯೋರೆಲ್ಲ ಬಂದು ಅಯ್ಯೋ ಪಾಪ ಅನ್ಬೇಕು, ನೀನು ಅವ್ರ ಮುಂದೆ ಜೊಲ್ಲು ಸುರಿಸ್ಕೊಂಡು ಕೂರ್ಬೇಕು. ಅದು ಬೇಕಾ ನಿಂಗೆ?

ಬೇಕಾ ಅಂತ ಕೇಳಿದ್ದಕ್ಕೆ ಆಗ್ಲೇ ಒತ್ತುತಾ ಇದೀಯಲ್ಲ. ಅದು ಹತ್ತಲ್ಲ ಅಂದ್ನಲ್ಲ.

ಮದುವೆ ಆದಾಗಿಂದ ಯಾವತ್ತು ಮನೇಲಿದ್ದೆ ನೀನು? ಇವತ್ತು ಚಿಂತಾಮಣಿ, ನಾಳೆ ಶಿಡ್ಲಘಟ್ಟ, ಅದಾದ ಮೇಲೆ ಮದನಪಲ್ಲಿ. ನಮ್ಮ ಮಗಳು ವರಲಕ್ಷ್ಮಿ ಹುಟ್ಟಿದ ಹೊತ್ತಲ್ಲಿ ನೀನು ಯಾರ್ದೋ ಎತ್ತಿನ ಹಲ್ಲು ನೋಡ್ತಾ ಇದ್ದೆ. ಹಗಲೆಲ್ಲ ಸಂತೇಲಿ ಗಂಟಲು ಹರ್ಕೊಂಡು ಬಂದು, ನನ್ನ ಹತ್ರ ಊಟ ಹಾಕು ಅನ್ನೋದು ಒಂದೇ ಮಾತು. ನೀನು ಬಿದ್ದೆ ಅಂತ ಊರೆಲ್ಲ ಅತ್ತಿತು, ನಾನೂ ಅತ್ತೆ. ಆದ್ರೆ ಆಮೇಲೆ... ದಿನಾ ಹಿಂಗೆ ಎದುರಿಗೆ ಕೂತು ನನ್ನ ಮಾತು ಕೇಳ್ದೆ. ಸೊಪ್ಪು ಬಿಡಿಸ್ತಾ ನಾನು ಹೇಳೋದು, ನೀನು ಕೇಳೋದು. ಸುಖವಾಗಿತ್ತು ಮಾವ ನಂಗೆ. ನಾಚಿಕೆ ಬಿಟ್ಟು ಹೇಳ್ತಾ ಇದೀನಿ. ಅದನ್ನೂ ಆ ಬಯ್ಯಪ್ಪ ಆಟೋದಲ್ಲಿ ಹಾಕ್ಕೊಂಡು ಹೋಗ್ಬೇಕಾ?

ರಿಮೋಟ್ ಯಾಕೆ ತಿರುಗಿಸ್ತೀಯ? ಹಿಂದೆ ಏನೂ ಇಲ್ಲ. ಆ ಮುಚ್ಚಳ ಎಳೀಬೇಡ, ಮುರೀತದೆ. ಬಿಡು ಅಂದ್ನಲ್ಲ...

ಖಾಲಿ ಐತಾ? ನಂಗೇನು ಗೊತ್ತು. ಬ್ಯಾಟರಿ ಶೆಲ್ ಹಾಕೋದೇ ಮರ್ತಿರ್ಬೇಕು ನಿನ್ನ ಜಾಣೆ ಮೊಮ್ಮಗಳು. ಏನು ಓದ್ತಾರೋ, ಏನೋ.

ಬೆಳಿಗ್ಗೆ ಹತ್ತಿತ್ತು... ಹೌದು, ಹತ್ತಿತ್ತು.

ನನ್ನ ಕೈ ಯಾಕೆ ನೋಡ್ತೀಯ? ಅಡಿಕೆ ಕಣಯ್ಯ. ಎಲೆ ಹಾಕ್ಕೊಳ್ಳೋಣ ಅಂತ ಹಿಡ್ಕೊಂಡಿದೀನಿ. ನಿಂಗೆ ಬೇಕಾದ್ರೆ ಆಮೇಲೆ ಕುಟ್ಟಿ ಕೊಡ್ತೀನಿ.

ಅಗೋ, ಬಂದ್ರು. ಚಪ್ಪಲಿ ಬಿಡೋ ಸದ್ದು. ನೆಟ್ಟಗೆ ಕೂತ್ಕೋ, ಬಾಯಿ ಒರೆಸ್ತೀನಿ ತಡಿ. ಟವಲ್ ಕೊಡು... ಕೊಡು ಅಂದ್ರೆ ನನ್ನ ಕೈ ಮೇಲೆ ಯಾಕೆ ಹೊದಿಸ್ತೀಯ? ಏ ಮಾವ, ಇದೇನು ಸಂತೆನಾ? ನಾನೇನು ಎತ್ತು ಮಾರೋಕೆ ಬಂದಿದೀನಾ? ಟವಲ್ ಕೆಳಗೆ ಯಾರಿಗೂ ಕಾಣದಂಗೆ ಬೆರಳು ಹಿಡ್ದು ಬೆಲೆ ಆಡೋದೆಲ್ಲ ಬಯ್ಯಪ್ಪನ ಹತ್ರ ಇಟ್ಕೋ. ಅದೂ ಎಡಗೈಲಿ... ಬಿಡು. ನೋಯ್ತದೆ ಬಿಡು. ಒಂದೊಂದೇ ಬೆರಳು ಬಿಡಿಸ್ತೀಯಲ್ಲ, ಎಲ್ಲಿತ್ತು ನಿಂಗೆ ಇಷ್ಟು ಬಲ...

...

ಹ್ಞೂಂ. ಅಡಿಕೆ ಅಲ್ಲ. ಶೆಲ್ಲೇ.

ಆಯ್ತಲ್ಲ. ಈಗ ಟವಲ್ ತೆಗಿ. ಎಲ್ರೂ ನೋಡ್ಲಿ, ಮೊಮ್ಮಗಳೂ ನೋಡ್ಲಿ, ಆ ಬಯ್ಯಪ್ಪನೂ ನೋಡ್ಲಿ. ತೆಗಿ ಮಾವ.

ತೆಗೆಯಲ್ವಾ?

ಯಾಕೆ ತೆಗೆಯಲ್ಲ... ನನ್ನ ಕಳ್ಳತನ ಅವ್ರಿಗೆ ಕಾಣ್ಬಾರ್ದು ಅಂತಾನಾ?

ಚೈತ್ರಾ, ಒಂದ್ನಿಮಿಷ ಅಲ್ಲೇ ಜಗಲಿ ಮೇಲೆ ಇರಮ್ಮ. ಬಯ್ಯಪ್ಪನ್ನೂ ಕೂರ್ಸು. ಏನಿಲ್ಲ, ಏನೂ ಆಗಿಲ್ಲ. ತಾತ ನನ್ನ ಹತ್ರ ವ್ಯಾಪಾರ ಮಾತಾಡ್ತಾವ್ರೆ.