ಮುದ್ರೆ ಬಿದ್ದ ತಮಟೆ

ಹತ್ತಿರ ಬನ್ನಿ, ಕೇಳಿ. ಹೆಸರಿಲ್ಲದ ಒಂದು ಸೀಮೆ. ಸೀಮೆಗೊಬ್ಬ ರಾಜ, ರಾಜನಿಗೊಂದು ಕೆರೆ, ಕೆರೆಗೊಬ್ಬ ನೀರುಗಂಟಿ, ಈರಗ್ಯಾತ. ನೀರುಗಂಟಿ ಅಂದರೆ ತೂಬು ಎತ್ತಿ ಗದ್ದೆಗೆ ನೀರು ಬಿಡೋನು. ನಿಮಗೆ ಗೊತ್ತು, ಆದರೂ ಹೇಳಿಬಿಡ್ತೀನಿ. ದಿನಾ ಬೆಳಿಗ್ಗೆ ಏರಿ ಮೇಲೆ ಬರಿಗಾಲಲ್ಲಿ ನಡೆಯೋದು ಅವನ ಕಟ್ಟಳೆ. ಯಾಕೆ? ಏರಿಯ ಕಾಯಿಲೆ ಕಣ್ಣಿಗೆ ಕಾಣಲ್ಲ, ಅಂಗಾಲಿಗೆ ತಿಳಿಯುತ್ತೆ.

ಒಂದು ಬೆಳಿಗ್ಗೆ ಅಂಗಾಲು ತಣ್ಣಗಾಯ್ತು. ಒಳಗೆ ನೀರು ಜಿನುಗ್ತಿದೆ! ರಾಜ ಏರಿಯ ಕಲ್ಲು ಕೀಳಿಸಿ ಆನೆಲಾಯ ಕಟ್ಟಿಸಿ, ಕಲ್ಲಿದ್ದ ಗುಳಿಗೆ ಬರೀ ಮಣ್ಣು ತುಂಬಿಸಿದ್ದ. ಏರಿ ಕೆಳಗೇ ಮಗಳು ಪುಟ್ಟಗಂಗಿಯ ಮನೆ. ಹೆತ್ತ ಕರುಳು ಸುಮ್ಮನಿದ್ದೀತೇ?

ಶಾನುಭೋಗರಿಗೆ ಹೇಳಿದ. "ಹೋಗಯ್ಯಾ" ಅಂದರು. ಮಂತ್ರಿಗೆ ಹೇಳಿದ. "ಹೋಗೋ" ಅಂದ. ರಾಜನಿಗೇ ಹೇಳಿದ. "ಹೋಗಲೋ, ನಾಲಿಗೆ ಉಳಿಸ್ಕೋ" ಅಂದ.

ಗಡಿ ಸಂತೆಯಲ್ಲಿ ತಮಟೆ ಕೆಂಚಣ್ಣ ಇದ್ದ. ಯಾರ ಗುಟ್ಟು ಕೊಟ್ಟರೂ ಊರಿಗೆಲ್ಲ ಸಾರೋನು. ಈರಗ್ಯಾತ ಅವನ ಕಿವಿಗೆ ಹೇಳಿದ. ಕೆಂಚಣ್ಣ ತಮಟೆ ಬೆಂಕಿಗೆ ಕಾಯಿಸಿ ಬಡಿದ, "ಏರಿ ಒಡೆಯುತ್ತೆ, ಕೇಳ್ರಪ್ಪೋ!"

ರಾಜನ ಭಟರು ಈರಗ್ಯಾತನ ಬೆನ್ನು ಹತ್ತಿದರು. ಅವನು ಹೊಳೆ ದಾಟಿದ. ಆಚೆ ಸೀಮೆಯ ದೊರೆ ಶಾಲು ಹೊದಿಸಿ, "ಬಾರಪ್ಪಾ, ನಮ್ಮ ಕೆರೆ ನೋಡ್ಕೋ" ಅಂದ.

ಇತ್ತ ರಾಜ ಏನು ಮಾಡಿದ? ತಮಟೆ ಕಿತ್ತು ತರಿಸಿ ಊರಿನವರಿಗೆ ತೋರಿಸಿದ. ಚರ್ಮದ ಮೇಲೆ ಆಚೆ ದೊರೆಯ ದನದ ಮುದ್ರೆ! ದನಕ್ಕೆ ಬರೆ ಹಾಕಿದ್ದು ಚರ್ಮ ಸುಲಿದರೂ ಹೋಗಲ್ಲ ನೋಡಿ. "ನೋಡ್ರೋ, ಯಾರ ಚರ್ಮವೋ ಅವರ ಸದ್ದು!" ಜನ ನಕ್ಕರು. ಪುಟ್ಟಗಂಗಿಯೂ ತಲೆ ತಗ್ಗಿಸಿದಳು. ಏರಿಗೆ ಒಂದು ಕಲ್ಲೂ ಬೀಳಲಿಲ್ಲ.

ಅತ್ತ ಈರಗ್ಯಾತ ಆಚೆ ದೊರೆಯ ಏರಿ ತುಳಿದ. ಅಲ್ಲೂ ಅಂಗಾಲು ತಣ್ಣಗಾಯ್ತು! ಓಡಿದ. ಗಡಿ ಸಂತೆಯಲ್ಲಿ ಕೆಂಚಣ್ಣನ ಕೈಲಿ ಆಗಲೇ ಹೊಸ ತಮಟೆ.

"ಬಡಿ, ಕೆಂಚಣ್ಣಾ."

"ಚರ್ಮ ಒದ್ದೆ ಕಣಯ್ಯಾ."

"ಬಡಿಯಣ್ಣಾ."

"ಬೆಂಕಿ ಇಲ್ಲ ಕಣೋ."

"ನಿನ್ನ ಕಾಲಿಗೆ ಬೀಳ್ತೀನಿ, ಬಡಿ."

"ಇದಕ್ಕೂ ಚರ್ಮ ಕೊಟ್ಟೋನು ಆ ದೊರೆ. ಅವನ ಮೇಲೆ ಬಡೀಲಾ?"

"ಹಂಗಾದ್ರೆ ಅವತ್ತು ಸಾರಿದ್ದು ಸುಳ್ಳಾ?"

"ನಿಜಾನೇ ಕಣೋ. ನಿಜ ಆಗಿದ್ದಕ್ಕೇ ಅವನಿಗೆ ಬೇಕಾಗಿತ್ತು."

ಈರಗ್ಯಾತ ಶಾಲು ಅಲ್ಲೇ ಬಿಸಾಕಿ ತನ್ನೂರಿಗೆ ಓಡಿದ. "ಬಂದ ನೋಡು, ಆಚೆಯೋರ ಅಳಿಯ!" ಅಂದರು ಜನ. ಅವನು ನೇರ ಮಗಳ ಮನೆಗೆ ಹೋದ. ಮಗಳ ಕೈ ಹಿಡಿದು ಏರಿ ಹತ್ತಿಸಿದ.

"ನನ್ನ ನಂಬಬೇಡ ಕಣವ್ವಾ. ಕಾಲಿಟ್ಟು ನೋಡು."

ಪುಟ್ಟಗಂಗಿ ಕಾಲಿಟ್ಟಳು. ಅವಳ ಅಂಗಾಲೂ ತಣ್ಣಗಾಯ್ತು. "ಅಪ್ಪಯ್ಯಾ!" ಇಬ್ಬರೂ ಗುಡ್ಡದತ್ತ ಓಡುತ್ತಾ ಕೂಗಿದರು, "ಬನ್ರೋ! ಬನ್ರೋ! ಬನ್ರೋ!"

ಜನ ಬಂದರೇ? ಚಾವಡಿಯಲ್ಲಿ ತೂಗುಹಾಕಿದ್ದ ತಮಟೆಯ ಮುದ್ರೆ ನೋಡ್ತಾ ಇನ್ನೂ ನಗ್ತಿದ್ದರು. ನೀರು ಬಂತು. ತಮಟೆ ತೇಲಿತು, ಊರು ಮುಳುಗಿತು.

ಆಚೆ ಏರಿಯೂ ಮಾರನೇ ವಾರ ಒಡೆಯಿತು. ಅದನ್ನ ಯಾರೂ ಸಾರಿರಲೇ ಇಲ್ಲ.

ಆ ಕೆರೆಯೂ ಬರಿದು, ಈ ಕೆರೆಯೂ ಬರಿದು, ನನ್ನ ಬಾಯೂ ಒಣಗಿತು. ಏಳಿ, ಹೋಗ್ತಾ ನಿಮ್ಮ ಏರಿ ತುಳಿದು ಹೋಗಿ.